ತೂಬು ತೆರೆದವರು ಯಾರು: ಸರ್ವರಿನ ಕಾವಲು ಕುರಿತ ಒಂದು ಉಪನ್ಯಾಸ



‘ಸರ್ವರ್’ ಎಂಬ ಪದವು ಕನ್ನಡ ನಾಡಿನ ಹಳ್ಳಿಗಳಿಗೆ ಕಾಲಿಟ್ಟದ್ದು ಒಂದು ನೆಪದ ರೂಪದಲ್ಲಿ. ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆರಳೊತ್ತಲು ನಿಂತ ವೃದ್ಧೆಗೂ, ಪಹಣಿಗಾಗಿ ನಾಡಕಚೇರಿಗೆ ಬಂದ ರೈತನಿಗೂ, ಆದಾಯ ಪ್ರಮಾಣಪತ್ರಕ್ಕೆಂದು ಕಾಲೇಜಿಗೆ ರಜೆ ಹಾಕಿ ಬಂದ ವಿದ್ಯಾರ್ಥಿಗೂ ದೊರೆಯುವ ಉತ್ತರ ಒಂದೇ: ‘ಇವತ್ತು ಸರ್ವರ್ ಇಲ್ಲ, ನಾಳೆ ಬನ್ನಿ.’ ಮಳೆ ಬಾರದಿದ್ದರೆ ಯಾರನ್ನು ದೂರುವುದು ಎಂಬಂತೆ ಜನರೂ ಮರುಮಾತಿಲ್ಲದೆ ಹಿಂದಿರುಗುತ್ತಾರೆ. ಹೀಗಾಗಿ ಸರ್ವರ್ ಎಂಬುದು ಮನುಷ್ಯರ ಕೈಮೀರಿದ ಯಾವುದೋ ಶಕ್ತಿ ಎಂಬ ಭಾವನೆ ಬೇರೂರಿದೆ. ವಾಸ್ತವವಾಗಿ ಅದು ಮಳೆಗಿಂತ ಕೆರೆಗೆ ಹತ್ತಿರವಾದದ್ದು. ಕೆರೆಗೆ ಏರಿಯಿದೆ, ತೂಬಿದೆ, ಕೋಡಿಯಿದೆ. ಅದನ್ನು ನೋಡಿಕೊಳ್ಳಲು ಒಬ್ಬ ನೀರಗಂಟಿಯಿದ್ದಾನೆ. ಯಾವ ದಿನ ಯಾವ ತೂಬನ್ನು ಎಷ್ಟು ಹೊತ್ತು ತೆರೆಯಲಾಯಿತೆಂಬುದನ್ನು ಅವನು ಊರಿಗೆ ಹೇಳಬಲ್ಲವನಾಗಿರಬೇಕು. ಹೇಳಲಾಗದಿದ್ದರೆ ಬೇಸಿಗೆಯಲ್ಲಿ ಜಗಳ ಖಂಡಿತ.

ಸರ್ವರ್ ಎಂದರೆ ಕೇಳಿದವರಿಗೆ ಕೇಳಿದ ಕಡತವನ್ನು ಒದಗಿಸುತ್ತ, ಕೊಟ್ಟ ಕಡತವನ್ನು ಬರೆದಿಟ್ಟುಕೊಳ್ಳುತ್ತ, ಹಗಲಿರುಳು ಎಚ್ಚರವಾಗಿರುವ ಗಣಕಯಂತ್ರ. ಅಂತರ್ಜಾಲದಲ್ಲಿರುವ ಇಂತಹ ಯಂತ್ರಗಳ ಬಹುಪಾಲು ಮುಕ್ತ ತಂತ್ರಾಂಶದಿಂದ ನಡೆಯುತ್ತವೆ. 1991ರಲ್ಲಿ ಆರಂಭವಾದ ಲಿನಕ್ಸ್, 1993ರ ಡೆಬಿಯನ್, 1995ರ ಅಪಾಚೆ, 1996ರಿಂದ ಆ ಹೆಸರಿನಲ್ಲಿ ಬಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಮುಂತಾದವುಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಣ ಕೊಡಬೇಕಾಗಿಲ್ಲವೆಂಬುದು ಇದರ ಚಿಕ್ಕ ಅನುಕೂಲ. ಬಾಗಿಲಿನ ಬೀಗ ಹೇಗೆ ಕೆಲಸ ಮಾಡುತ್ತದೆಂಬುದು ಬಚ್ಚಿಟ್ಟ ವಿದ್ಯೆಯಾಗಿಲ್ಲವೆಂಬುದೇ ದೊಡ್ಡ ಅನುಕೂಲ. ಆದರೆ ಬೀಗದ ವಿನ್ಯಾಸ ಬಹಿರಂಗವಾಗಿದ್ದ ಮಾತ್ರಕ್ಕೆ ಬಾಗಿಲಿಗೆ ಬೀಗ ಬಿದ್ದಿದೆ ಎಂದಾಗುವುದಿಲ್ಲ. ಬೀಗ ಹಾಕುವ ಕೆಲಸ ಪ್ರತಿ ಸಂಜೆಯೂ ಯಾರೋ ಒಬ್ಬರು ಮಾಡಬೇಕಾದದ್ದು.

ಈ ಕೆಲಸ ಎಷ್ಟು ಗಂಭೀರವಾದದ್ದೆಂಬುದನ್ನು ತಿಳಿಯಲು ಮಲೆನಾಡಿನಿಂದ ಬಹುದೂರದ ಒಂದು ಬಯಲು ಸೀಮೆಗೆ ಹೋಗಬೇಕಾಗುತ್ತದೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ಮಹಾರಾಷ್ಟ್ರದ ಗಡಿಗೆ ಸಮೀಪದ ಹೋಬಳಿ ಊರು. ಸುತ್ತಲೂ ತೊಗರಿಯ ಕಪ್ಪು ನೆಲ. ತೊಗರಿಯ ರಾಶಿ ಮುಗಿದ ಮೇಲೆ ಈ ಭಾಗದ ಅನೇಕ ಕುಟುಂಬಗಳು ದುಡಿಮೆಗಾಗಿ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋಗಿ ಮಳೆಗಾಲದ ಹೊತ್ತಿಗೆ ಮರಳುತ್ತವೆ. ಮನೆಗೆ ಬೀಗ ಬಿದ್ದಿರುತ್ತದೆ, ಊರು ಬಿಟ್ಟಿರುವುದಿಲ್ಲ. ಈ ವ್ಯತ್ಯಾಸವನ್ನು ನೆರೆಹೊರೆ ಅರಿಯುತ್ತದೆ, ಗಣಕಯಂತ್ರ ಅರಿಯುವುದಿಲ್ಲ.

ಆಳಂದ ವಿಧಾನಸಭಾ ಕ್ಷೇತ್ರದಲ್ಲಿ 2018ರ ಚುನಾವಣೆಯು ಕೇವಲ 697 ಮತಗಳ ಅಂತರದಲ್ಲಿ ತೀರ್ಮಾನವಾಗಿತ್ತು. ಮುಂದಿನ ಚುನಾವಣೆ 2023ರ ಮೇ ತಿಂಗಳಿನಲ್ಲಿ ನಡೆಯಿತು. ಅದಕ್ಕೆ ಕೆಲವೇ ತಿಂಗಳು ಮುನ್ನ ಈ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಕೋರುವ 6,018 ಅರ್ಜಿಗಳು ಅಂತರ್ಜಾಲದ ಮೂಲಕ ಬಂದಿದ್ದವು. ಅರ್ಜಿಯ ಹೆಸರು ‘ನಮೂನೆ 7’. ಒಬ್ಬ ಮತದಾರ ಮೃತನಾಗಿದ್ದಾನೆ ಅಥವಾ ಊರು ಬಿಟ್ಟಿದ್ದಾನೆ ಎಂದು ಅದೇ ಕ್ಷೇತ್ರದ ಮತ್ತೊಬ್ಬ ಮತದಾರ ಸಲ್ಲಿಸುವ ಆಕ್ಷೇಪಣೆ ಇದು. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಕೈಗೆ ಬಂದ ಅರ್ಜಿಗಳಲ್ಲಿ ತಮ್ಮ ಹತ್ತಿರದ ಬಂಧುವಿನ ಹೆಸರನ್ನೇ ಕಂಡರು. ಆಕ್ಷೇಪಣೆ ಸಲ್ಲಿಸಿದವರೆಂದು ನಮೂದಾಗಿದ್ದ ವ್ಯಕ್ತಿಯನ್ನು ವಿಚಾರಿಸಿದಾಗ ಆತ ತನಗೇನೂ ತಿಳಿಯದೆಂದರು. ಅಲ್ಲಿಂದ ಪ್ರಕರಣ ಬಯಲಾಯಿತು. ಅಧಿಕಾರಿಗಳು ಮನೆಮನೆಗೆ ಹೋಗಿ ಪರಿಶೀಲಿಸಿದಾಗ 6,018 ಅರ್ಜಿಗಳಲ್ಲಿ ನಿಜವೆಂದು ಕಂಡವು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. 2023ರ ಫೆಬ್ರುವರಿ 21ರಂದು ಕ್ಷೇತ್ರದ ಮತದಾರರ ನೋಂದಣಾಧಿಕಾರಿಯೇ ಪೊಲೀಸರಿಗೆ ದೂರು ನೀಡಿದರು. ತನಿಖೆ ರಾಜ್ಯದ ಸಿಐಡಿಗೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಈ ವಿಷಯ ರಾಷ್ಟ್ರದ ರಾಜಕಾರಣದಲ್ಲಿ ದೊಡ್ಡ ಚರ್ಚೆಯಾಗಿ, ಅದೇ ತಿಂಗಳಿನಲ್ಲಿ ರಾಜ್ಯ ಸರ್ಕಾರವು ವಿಶೇಷ ತನಿಖಾ ದಳವನ್ನು ರಚಿಸಿತು. ಅಪರಾಧಿಗಳು ಯಾರೆಂಬುದನ್ನು ನಿರ್ಣಯಿಸಬೇಕಾದವರು ನ್ಯಾಯಾಧೀಶರು. ಆ ರಾಜಕೀಯ ವಾದವಿವಾದಗಳನ್ನು ಇಲ್ಲಿ ಬದಿಗಿರಿಸಿ, ಯಂತ್ರದ ಭಾಗವನ್ನಷ್ಟೇ ನೋಡೋಣ.

ಮೊದಲನೆಯ ಪ್ರಶ್ನೆ: ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಅರ್ಜಿ ಹಾಕುವುದು ಹೇಗೆ ಸಾಧ್ಯವಾಯಿತು? ಪ್ರವೇಶಕ್ಕೆ ಒಂದು ಮೊಬೈಲ್ ಸಂಖ್ಯೆ ಬೇಕಾಗಿತ್ತು. ಆ ಸಂಖ್ಯೆಗೆ ಬಂದ ಒಮ್ಮೆ ಬಳಸುವ ಗುಪ್ತಸಂಖ್ಯೆಯನ್ನು ತುಂಬಿದರೆ ಬಾಗಿಲು ತೆರೆಯುತ್ತಿತ್ತು. ಇದರಿಂದ ಸಿದ್ಧವಾಗುವುದು ಇಷ್ಟೇ: ಆ ಫೋನು ಆ ಕ್ಷಣದಲ್ಲಿ ಯಾರದೋ ಕೈಯಲ್ಲಿತ್ತು. ಆ ಕೈ ಅರ್ಜಿಯಲ್ಲಿ ಹೆಸರಿರುವ ಮತದಾರನದೇ ಎಂಬುದು ಇದರಿಂದ ಸಿದ್ಧವಾಗುವುದಿಲ್ಲ. ಸರ್ವರ್ ನೋಡಿಕೊಳ್ಳುವವರು ಮೊಟ್ಟಮೊದಲು ಕಲಿಯಬೇಕಾದ ಪಾಠವಿದು. ಬಂದವನು ಯಾರು ಎಂಬುದು ಒಂದು ಪ್ರಶ್ನೆ. ಬಂದವನಿಗೆ ಈ ಕೆಲಸ ಮಾಡುವ ಅಧಿಕಾರವಿದೆಯೇ ಎಂಬುದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆಗೆ ಅರ್ಧ ಉತ್ತರ ಪಡೆದು ಎರಡನೆಯದನ್ನು ಕೇಳದೆ ಬಿಟ್ಟರೆ ಸುಳ್ಳು ಹೆಸರಿಗೂ ದಾರಿ ದೊರೆಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ಚುನಾವಣಾ ಆಯೋಗವು ಇಂತಹ ಅರ್ಜಿಗಳಿಗೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯ ಮೂಲಕ ವಿದ್ಯುನ್ಮಾನ ಸಹಿಯನ್ನು ಅಳವಡಿಸಿದ್ದು ಈ ಬಿರುಕನ್ನು ಮುಚ್ಚುವ ಕ್ರಮವಾಗಿತ್ತು.

ಎರಡನೆಯ ಪ್ರಶ್ನೆ ಇನ್ನೂ ಸ್ವಾರಸ್ಯದ್ದು: ಅರ್ಜಿ ಕಳುಹಿಸಿದವರನ್ನು ಹುಡುಕುವುದು ಹೇಗೆ? ಚುನಾವಣಾಧಿಕಾರಿಗಳು ತಮ್ಮಲ್ಲಿದ್ದ ಮಾಹಿತಿಯನ್ನು 2023ರ ಸೆಪ್ಟೆಂಬರ್ 6ರಂದು ಕಲಬುರಗಿಯ ಪೊಲೀಸ್ ವರಿಷ್ಠಾಧಿಕಾರಿಗೆ ಹಸ್ತಾಂತರಿಸಿದ್ದಾಗಿ ತಿಳಿಸಿದರು. ಅದರಲ್ಲಿ ಪ್ರವೇಶಕ್ಕೆ ಬಳಸಿದ ಮೊಬೈಲ್ ಸಂಖ್ಯೆ, ಅರ್ಜಿ ಸಲ್ಲಿಸಿದ ದಿನಾಂಕ ಮತ್ತು ವೇಳೆ, ಐಪಿ ವಿಳಾಸ ಇದ್ದವು. ತನಿಖಾಧಿಕಾರಿಗಳು ಇದು ಸಾಲದೆಂದು, ಅರ್ಜಿ ತಲುಪಿದ ಸರ್ವರಿನ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆಯೂ ಬೇಕೆಂದು ಪದೇ ಪದೇ ಪತ್ರ ಬರೆದರೆಂದು ಪತ್ರಿಕೆಗಳು ವರದಿ ಮಾಡಿದವು. ಓದಿದ ಸಾಮಾನ್ಯರಿಗೆ ಇದು ಕಚೇರಿಗಳ ನಡುವಿನ ಮಾಮೂಲಿ ಪತ್ರವ್ಯವಹಾರದಂತೆ ತೋರಿರಬಹುದು. ಆದರೆ ಇಡೀ ಪ್ರಕರಣದ ಕೀಲು ಅಲ್ಲಿತ್ತು.

ಐಪಿ ವಿಳಾಸವೆಂಬುದು ಅಂತರ್ಜಾಲದ ಅಂಚೆ ವಿಳಾಸ. ಹಳೆಯ ಪದ್ಧತಿಯಲ್ಲಿ, ಅಂದರೆ ನಾಲ್ಕನೆಯ ಆವೃತ್ತಿಯಲ್ಲಿ, ಜಗತ್ತಿಗೆಲ್ಲ ಇರುವ ವಿಳಾಸಗಳು ಸುಮಾರು 429 ಕೋಟಿ. ಜನಸಂಖ್ಯೆ 800 ಕೋಟಿ ದಾಟಿದೆ; ಒಬ್ಬೊಬ್ಬರ ಬಳಿ ಎರಡೆರಡು ಯಂತ್ರಗಳೂ ಇವೆ. ಏಷ್ಯಾ ಶಾಂತಸಾಗರ ವಲಯಕ್ಕೆ ಮೀಸಲಾಗಿದ್ದ ವಿಳಾಸಗಳ ಕಣಜ 2011ರ ಏಪ್ರಿಲ್‌ನಲ್ಲಿಯೇ ತಳ ಕಂಡಿತು. ಆದ್ದರಿಂದ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚಿ ಕೊಡುತ್ತವೆ. ಹಳೆಯ ಮೈಸೂರಿನ ವಠಾರವನ್ನು ನೆನೆಯಬಹುದು: ಬೀದಿಗೆ ಒಂದೇ ಬಾಗಿಲು, ಒಂದೇ ಸಂಖ್ಯೆ, ಒಳಗೆ ಇಪ್ಪತ್ತು ಸಂಸಾರ. ಕಾಗದದ ಮೇಲೆ ವಠಾರದ ಸಂಖ್ಯೆಯಷ್ಟೇ ಇದ್ದರೆ ಅದನ್ನು ಬರೆದ ಸಂಸಾರ ಯಾವುದೆಂದು ಹೇಳಲಾಗದು. ಒಳಮನೆಯ ಸಂಖ್ಯೆಯೂ ಬೇಕು. ಅದೇ ಪೋರ್ಟ್. ಒಂದು ವಿಳಾಸಕ್ಕೆ 65,536 ಪೋರ್ಟುಗಳಿರುತ್ತವೆ. ಯಾವ ಗ್ರಾಹಕ, ಯಾವ ಕ್ಷಣದಲ್ಲಿ, ಯಾವ ಪೋರ್ಟಿನಿಂದ ಹೊರಟು, ಯಾವ ಸರ್ವರಿನ ಯಾವ ಪೋರ್ಟನ್ನು ತಲುಪಿದನೆಂಬ ಲೆಕ್ಕವನ್ನು ಮೊಬೈಲ್ ಕಂಪನಿ ತನ್ನ ದಫ್ತರದಲ್ಲಿ ಬರೆದಿಡುತ್ತದೆ. ಆ ದಫ್ತರದ ಸಾಲನ್ನೂ ಸರ್ವರಿನ ದಫ್ತರದ ಸಾಲನ್ನೂ ಪಕ್ಕಪಕ್ಕಕ್ಕಿಟ್ಟು ಹೋಲಿಸಿದಾಗ ಮಾತ್ರ ಒಬ್ಬ ವ್ಯಕ್ತಿ ಕಾಣುತ್ತಾನೆ. ಎರಡರಲ್ಲಿ ಒಂದು ಸಾಲಿನ ಒಂದು ಅಂಕಿ ಇಲ್ಲವಾದರೂ ಕಾಣುವುದು ವಠಾರ ಮಾತ್ರ.

ಈ ದಫ್ತರವೂ ಶಾಶ್ವತವಲ್ಲ. 2021ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆಯು ಪರವಾನಗಿಯ ಷರತ್ತನ್ನು ತಿದ್ದಿ, ಕಂಪನಿಗಳು ಇಂತಹ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು ವಿಧಿಸಿತು; ಅದಕ್ಕೆ ಮೊದಲು ಒಂದು ವರ್ಷವಿತ್ತು. 2023ರ ಆರಂಭದ ಅರ್ಜಿಗೆ ಎರಡು ವರ್ಷವೆಂದರೆ 2025ರ ಆರಂಭ. ಪತ್ರಕ್ಕೆ ಉತ್ತರ ತಡವಾದಷ್ಟೂ ಸಾಕ್ಷ್ಯ ಕರಗುತ್ತದೆ, ಯಾರೂ ಅಳಿಸಬೇಕಾಗಿಲ್ಲ.

ಇನ್ನು ಸಾಮಾನ್ಯ ಮುಕ್ತ ತಂತ್ರಾಂಶ ಸರ್ವರಿನ ಸ್ಥಿತಿ ಏನು? ಡೆಬಿಯನ್ ಸ್ಥಾಪಿಸಿ, ಅಪಾಚೆ ಅಥವಾ ಎಂಜಿನ್‌ಎಕ್ಸ್ ಹಾಕಿ, ಬೇರೇನನ್ನೂ ಮುಟ್ಟದೆ ಬಿಟ್ಟರೆ ಬಂದು ಹೋದವರ ಲಾಗ್ ಕಡತ ದಿನಕ್ಕೊಂದು ಪುಟವಾಗಿ ಸೇರುತ್ತದೆ. ಹದಿನಾಲ್ಕು ದಿನಗಳ ನಂತರ ಹಳೆಯ ಪುಟ ತಾನಾಗಿ ಅಳಿದುಹೋಗುತ್ತದೆ. ತಟ್ಟೆ ತುಂಬದಿರಲೆಂಬ ಸದುದ್ದೇಶದಿಂದ ಹೀಗೆ ಏರ್ಪಡಿಸಲಾಗಿದೆ. ಅಲ್ಲದೆ ಆ ಪುಟದಲ್ಲಿ ಬಂದವನ ಐಪಿ ವಿಳಾಸವಿರುತ್ತದೆ, ಪೋರ್ಟ್ ಇರುವುದಿಲ್ಲ. ಅಂತರ್ಜಾಲದ ನಿಯಮಗಳನ್ನು ರೂಪಿಸುವ ಐಇಟಿಎಫ್ ಎಂಬ ಮಂಡಳಿಯು 2011ರ ಜೂನ್‌ನಲ್ಲಿಯೇ, 6302ನೆಯ ಕ್ರಮಾಂಕದ ತನ್ನ ಪತ್ರದಲ್ಲಿ, ಬಂದವನ ಪೋರ್ಟನ್ನೂ ಸೆಕೆಂಡಿನವರೆಗಿನ ಖಚಿತ ವೇಳೆಯನ್ನೂ ದಾಖಲಿಸಬೇಕೆಂದು ಶಿಫಾರಸು ಮಾಡಿತು. ಅದನ್ನು ಪಾಲಿಸಲು ಅಪಾಚೆಯಲ್ಲಾಗಲಿ ಎಂಜಿನ್‌ಎಕ್ಸ್‌ನಲ್ಲಾಗಲಿ ಲಾಗಿನ ವಿನ್ಯಾಸವನ್ನು ಹೇಳುವ ಸಾಲಿನಲ್ಲಿ ಒಂದೇ ಒಂದು ಪದ ಸೇರಿಸಿದರೆ ಸಾಕು. ಐದು ನಿಮಿಷದ ಕೆಲಸ. ಯಾರೂ ಹೇಳದ ಕಾರಣ ಯಾರೂ ಮಾಡುವುದಿಲ್ಲ, ಅಷ್ಟೇ.

ಭಾರತದ ಗಣಕ ತುರ್ತುಸ್ಪಂದನಾ ಸಂಸ್ಥೆಯಾದ ಸರ್ಟ್‌ಇನ್, 2022ರ ಏಪ್ರಿಲ್ 28ರ ತನ್ನ ನಿರ್ದೇಶನದಲ್ಲಿ, ಸೇವಾದಾರರು, ದತ್ತಾಂಶ ಕೇಂದ್ರಗಳು, ಕಂಪನಿಗಳು ಹಾಗೂ ಸರ್ಕಾರಿ ಸಂಸ್ಥೆಗಳು ಲಾಗುಗಳನ್ನು 180 ದಿನಗಳ ಕಾಲ ಸುರಕ್ಷಿತವಾಗಿ ಇಟ್ಟುಕೊಳ್ಳಬೇಕೆಂದೂ, ದಾಳಿ ನಡೆದರೆ ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದೂ, ಯಂತ್ರದ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲಮಾನಕ್ಕೆ ಹೊಂದಿಸಬೇಕೆಂದೂ ಆದೇಶಿಸಿದೆ. ಗಡಿಯಾರದ ಮಾತು ಕೇಳಲು ಅಲ್ಪವೆನಿಸುತ್ತದೆ. ಆದರೆ ಒಂದು ದಫ್ತರ ಭಾರತೀಯ ಕಾಲಮಾನದಲ್ಲಿಯೂ ಇನ್ನೊಂದು ಜಾಗತಿಕ ಕಾಲಮಾನದಲ್ಲಿಯೂ ಇದ್ದು, ಹೋಲಿಸುವವನು ಐದೂವರೆ ಗಂಟೆಯ ಅಂತರವನ್ನು ಮರೆತರೆ, ವಠಾರದಲ್ಲಿ ಆ ಹೊತ್ತಿಗೆ ಅದೇ ಪೋರ್ಟಿನಲ್ಲಿದ್ದ ಬೇರೊಬ್ಬ ನಿರಪರಾಧಿಯ ಮನೆಗೆ ಪೊಲೀಸರು ಹೋಗುತ್ತಾರೆ.

ಮಲೆನಾಡಿನ ಹಳ್ಳಿಗರಿಗೆ ಇದರಿಂದ ಏನು ಎಂಬ ಪ್ರಶ್ನೆ ಸಹಜ. ಆಕ್ಷೇಪಣೆ ಎಂಬ ಪದವು ಘಟ್ಟದ ಜನರಿಗೆ ಹೊಸದಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು 2022ರ ಜುಲೈನಲ್ಲಿಯೂ 2024ರ ಜುಲೈ ಕೊನೆಯಲ್ಲಿಯೂ ಹೊರಬಿದ್ದಾಗ ಜನರಿಗೆ ದೊರೆತದ್ದು ಅರವತ್ತು ದಿನಗಳ ಅವಧಿ. ಆಕ್ಷೇಪಣೆಯನ್ನು ಮಿಂಚಂಚೆಯ ಮೂಲಕ ಕಳುಹಿಸಲು ಅವಕಾಶವಿತ್ತು. ಆಳಂದದಲ್ಲಿ ಮತದಾರರ ಹೆಸರು ಬಳಸಿ ಅವರಿಗೆ ತಿಳಿಯದಂತೆ ಆಕ್ಷೇಪಣೆ ಸಲ್ಲಿಕೆಯಾಗಬಹುದಾದರೆ, ಒಂದು ಗಣಿಯ ಪರವಾಗಿಯೋ ಅಣೆಕಟ್ಟಿನ ಪರವಾಗಿಯೋ ಹಳ್ಳಿಗರ ಹೆಸರಿನಲ್ಲಿ ಸಾವಿರಾರು ಪತ್ರಗಳು ಹೋಗುವುದನ್ನು ತಡೆಯುವುದು ಯಾವುದು? 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಗ್ರಾಮಸಭೆಗಳು ಸಂಗ್ರಹಿಸಿದ ದಾಖಲೆಗಳಿವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದ ಸಮಿತಿಗಳು ಬರೆದ ಜನತಾ ಜೀವವೈವಿಧ್ಯ ದಾಖಲಾತಿಗಳಿವೆ. ಯಾವ ಕಾಡಿನ ಯಾವ ಮೂಲೆಯಲ್ಲಿ ಯಾವ ಔಷಧಿ ಬಳ್ಳಿಯಿದೆ ಎಂಬ ನಾಟಿವೈದ್ಯರ ತಿಳಿವಳಿಕೆ ಅವುಗಳಲ್ಲಿದೆ. ಇವೆಲ್ಲವೂ ಮೆಲ್ಲಮೆಲ್ಲನೆ ಯಾವುದೋ ಸರ್ವರನ್ನು ಸೇರುತ್ತಿವೆ. ಆ ಸರ್ವರಿಗೆ ನೀರಗಂಟಿ ಯಾರು?

ಕೆಲವೆಡೆ ಜನರೇ ಈ ಹೊಣೆಯನ್ನು ಹೊತ್ತಿದ್ದಾರೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಜನಸ್ತು ಎಂಬ ಬಳಗವು ಊರಿನವರೇ ನೋಡಿಕೊಳ್ಳಬಹುದಾದ ಸಮುದಾಯ ಜಾಲವನ್ನು ಕಟ್ಟುವ ಪ್ರಯೋಗ ನಡೆಸಿದೆ. ಹಳೆಯ ಗಣಕಯಂತ್ರವೊಂದು, ಅಥವಾ ಅಂಗೈಯಗಲದ ರಾಸ್ಪ್‌ಬೆರಿ ಪೈ ಒಂದಿದ್ದರೆ ಒಂದು ಶಾಲೆಗೋ ಬೀಜಬ್ಯಾಂಕಿಗೋ ಸಾಕಾಗುವಷ್ಟು ಸರ್ವರ್ ಸಿದ್ಧವಾಗುತ್ತದೆ. ಕಷ್ಟವಿರುವುದು ಎರಡನೆಯ ವರ್ಷದಲ್ಲಿ. ಕಟ್ಟುವ ಉತ್ಸಾಹ ಎಲ್ಲರಿಗೂ ಇರುತ್ತದೆ; ಹೂಳೆತ್ತುವ ದಿನ ಇಬ್ಬರು ಬರುತ್ತಾರೆ.

ಅಂತಹ ಇಬ್ಬರು ತಿಳಿದಿರಬೇಕಾದ ಸಂಗತಿಗಳು ಹೆಚ್ಚೇನಿಲ್ಲ. ಅಂತರ್ಜಾಲಕ್ಕೆ ತೆರೆದ ಯಂತ್ರವನ್ನು ದೂರದಿಂದ ನಿರ್ವಹಿಸಲು ಬಳಸುವ ಬಾಗಿಲಿಗೆ ಎಸ್‌ಎಸ್‌ಎಚ್ ಎಂದು ಹೆಸರು. ಅದರ ತೂಬು 22ನೆಯದು. ಯಂತ್ರವನ್ನು ಜಾಲಕ್ಕೆ ಜೋಡಿಸಿದ ಕೆಲವೇ ಹೊತ್ತಿನಲ್ಲಿ ಜಗತ್ತಿನ ಎಲ್ಲೆಲ್ಲಿಂದಲೋ ಗುಪ್ತಪದ ಊಹಿಸುವ ಪ್ರಯತ್ನಗಳು ಆರಂಭವಾಗುತ್ತವೆ. ಇದರಲ್ಲಿ ವೈಯಕ್ತಿಕ ದ್ವೇಷವೇನಿಲ್ಲ. ತೆರೆದ ಬಾಗಿಲನ್ನು ಹುಡುಕುವ ಯಂತ್ರಗಳು ಎಲ್ಲರ ಬಾಗಿಲನ್ನೂ ತಟ್ಟುತ್ತವೆ. ಆದ್ದರಿಂದ ಗುಪ್ತಪದದಿಂದ ಒಳಬರುವ ದಾರಿಯನ್ನೇ ಮುಚ್ಚಿ, ಕೀಲಿಜೋಡಿಯಿಂದ ಮಾತ್ರ ಪ್ರವೇಶವಿರುವಂತೆ ಮಾಡಬೇಕು. ಸರ್ವಾಧಿಕಾರವುಳ್ಳ ರೂಟ್ ಎಂಬ ಹೆಸರಿನಿಂದ ನೇರವಾಗಿ ಒಳಬರಲು ಬಿಡಬಾರದು. ಸಂಘದ ಐವರಿಗೂ ಒಂದೇ ಹೆಸರು, ಒಂದೇ ಗುಪ್ತಪದ ಕೊಡುವ ಅಭ್ಯಾಸ ನಮ್ಮ ಕಡೆ ಬಹಳ. ಅದು ಸ್ನೇಹದ ಲಕ್ಷಣವೆಂದು ಭಾವಿಸಲಾಗುತ್ತದೆ. ಒಂದು ದಿನ ಕಡತವೊಂದು ಅಳಿದುಹೋದಾಗ ಲಾಗಿನಲ್ಲಿ ಕಾಣುವುದು ಆ ಒಂದೇ ಹೆಸರು. ಅಲ್ಲಿಗೆ ಸ್ನೇಹವೂ ಮುಗಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಕೀಲಿ ಇರಲಿ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ, ಪಹಣಿಯನ್ನು ತಿದ್ದುವ ಸಿಬ್ಬಂದಿಯ ಬೆರಳಚ್ಚನ್ನು ಪಡೆದೇ ಒಳಬಿಡುವ ಏರ್ಪಾಡು ಮಾಡಲಾಗಿತ್ತು. ತಿದ್ದಿದವನು ‘ನಾನಲ್ಲ’ ಎನ್ನದಿರಲೆಂಬುದೇ ಅದರ ಹಿಂದಿನ ಚಿಂತನೆ.

ಎರಡನೆಯದು ತೂಬುಗಳ ಎಣಿಕೆ. ಜಾಲತಾಣಕ್ಕೆ 80 ಮತ್ತು 443, ನಿರ್ವಹಣೆಗೆ 22: ಹೊರಗಿನವರಿಗೆ ಕಾಣಬೇಕಾದವು ಬಹುತೇಕ ಇಷ್ಟೇ. ದತ್ತಾಂಶ ಭಂಡಾರದ ತೂಬುಗಳು, ಅಂದರೆ ಪೋಸ್ಟ್‌ಗ್ರೆಸ್‌ನ 5432, ಮೈಎಸ್‌ಕ್ಯೂಎಲ್‌ನ 3306, ಎಂದಿಗೂ ಹೊರಗೆ ತೆರೆದಿರಕೂಡದು. 2017ರ ಜನವರಿಯಲ್ಲಿ ಗುಪ್ತಪದವಿಲ್ಲದೆ ಅಂತರ್ಜಾಲಕ್ಕೆ ತೆರೆದಿದ್ದ ಸಾವಿರಾರು ಮಾಂಗೋಡಿಬಿ ಭಂಡಾರಗಳನ್ನು ದುಷ್ಕರ್ಮಿಗಳು ಬರಿದು ಮಾಡಿ, ಹಿಂದಿರುಗಿಸಲು ಹಣ ಕೇಳಿದರು. ತಂತ್ರಾಂಶದಲ್ಲಿ ದೋಷವೇನೂ ಇರಲಿಲ್ಲ, ಬಾಗಿಲು ಹಾಕಿರಲಿಲ್ಲ.

ಮೂರನೆಯದು ಮುಪ್ಪು. ಮುಕ್ತ ತಂತ್ರಾಂಶಕ್ಕೂ ಆಯುಸ್ಸಿದೆ. ಸೆಂಟ್‌ಓಎಸ್ 7ಕ್ಕೆ ತೇಪೆ ಒದಗಿಸುವುದು 2024ರ ಜೂನ್ 30ಕ್ಕೆ ನಿಂತುಹೋಯಿತು. ಅದರ ಮೇಲೆ ನಡೆಯುತ್ತಿದ್ದ ಯಂತ್ರಗಳು ಮರುದಿನವೂ ಎಂದಿನಂತೆ ನಡೆದವು. ಅಪಾಯವಿರುವುದು ಆ ‘ಎಂದಿನಂತೆ’ಯಲ್ಲಿಯೇ. ಡೆಬಿಯನ್‌ನ ಒಂದು ಆವೃತ್ತಿಗೆ ಒಟ್ಟು ಐದು ವರ್ಷದ ಆರೈಕೆ ದೊರೆಯುತ್ತದೆ. ಭದ್ರತೆಯ ತೇಪೆಗಳು ತಾವಾಗಿ ಸೇರುವಂತೆ ಏರ್ಪಡಿಸಿ, ಆವೃತ್ತಿಯ ಕೊನೆಯ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಬರೆದಿಡುವುದು ಲೇಸು.

ಆದರೆ ತೇಪೆಯಲ್ಲಿಯೇ ವಿಷವಿದ್ದರೆ? 2024ರಲ್ಲಿ ಅದೂ ನಡೆಯಿತು. ಎಕ್ಸ್‌ಝೆಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ. ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಇದು ಇದೆ. ಇದನ್ನು ವರ್ಷಗಳ ಕಾಲ ಲಾಸ್ಸೆ ಕಾಲಿನ್ ಎಂಬುವರು ಸಂಬಳವಿಲ್ಲದೆ, ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡು ಬಂದಿದ್ದರು. 2021ರ ಸುಮಾರಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ನೆರವಿಗೆ ಬಂದರು. 2022ರಲ್ಲಿ ಬೇರೆ ಬೇರೆ ಅಪರಿಚಿತ ಹೆಸರುಗಳಿಂದ ‘ಕೆಲಸ ನಿಧಾನವಾಗುತ್ತಿದೆ, ಹೊಸಬರಿಗೆ ಅಧಿಕಾರ ಕೊಡಿ’ ಎಂಬ ಒತ್ತಾಯ ಶುರುವಾಯಿತು. ದಣಿದಿದ್ದ ಮನುಷ್ಯ ಅಧಿಕಾರ ಹಂಚಿಕೊಂಡರು. 2024ರ ಫೆಬ್ರುವರಿಯಲ್ಲಿ ಹೊರಬಂದ ಆವೃತ್ತಿಯಲ್ಲಿ ಎಸ್‌ಎಸ್‌ಎಚ್ ಬಾಗಿಲನ್ನು ಗುಟ್ಟಾಗಿ ತೆರೆಯಬಲ್ಲ ಕಳ್ಳಗಿಂಡಿಯಿತ್ತು. ಪೋಸ್ಟ್‌ಗ್ರೆಸ್‌ನ ಕೆಲಸ ಮಾಡುತ್ತಿದ್ದ ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರು ತಮ್ಮ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಬೆನ್ನುಹತ್ತಿ, ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಆ ಆವೃತ್ತಿ ಇನ್ನೂ ಬಹುಮಟ್ಟಿಗೆ ಪರೀಕ್ಷೆಯ ಹಂತದ ವಿತರಣೆಗಳಲ್ಲಿ ಇದ್ದುದರಿಂದ ಜಗತ್ತಿನ ಸರ್ವರುಗಳು ಕೂದಲೆಳೆಯಲ್ಲಿ ಪಾರಾದವು.

ಮೂಲ ಬರಹ ಬಹಿರಂಗವಾಗಿದ್ದುದರಿಂದಲೇ ಫ್ರೊಯಿಂಡ್ ಅವರು ಅದರ ಬುಡದವರೆಗೆ ಹೋಗಲು ಸಾಧ್ಯವಾಯಿತು ಎಂಬುದು ನಿಜ. ಅದೇ ಬಹಿರಂಗ ವ್ಯವಸ್ಥೆಯಲ್ಲಿ ಸುಳ್ಳು ಹೆಸರಿನವರೊಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ವಿಶ್ವಾಸ ಗಳಿಸುತ್ತ ಕುಳಿತಿದ್ದರೆಂಬುದೂ ಅಷ್ಟೇ ನಿಜ. ಮುಕ್ತ ತಂತ್ರಾಂಶದ ಅಭಿಮಾನಿಗಳು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಕೊಳ್ಳುವುದು ಸರಿಯಲ್ಲ. ಸಾವಿರಾರು ಕಂಪನಿಗಳು ಬಳಸುವ ಕೆರೆಯ ಏರಿಯನ್ನು ಒಬ್ಬ ಒಂಟಿ ಮನುಷ್ಯನ ಪುಕ್ಕಟೆ ದುಡಿಮೆಯ ಮೇಲೆ ನಿಲ್ಲಿಸಿದ್ದೇ ಇಲ್ಲಿಯ ತಪ್ಪು. ಸುಳ್ಳು ಹೆಸರುಗಳ ಒತ್ತಡ, ದಣಿದ ಕಾವಲುಗಾರ, ತನ್ನ ಕೆಲಸವನ್ನು ಗಮನವಿಟ್ಟು ಮಾಡುತ್ತಿದ್ದ ಒಬ್ಬರ ಕಣ್ಣಿಗೆ ಬಿದ್ದ ಚಿಕ್ಕ ಅಸಂಗತಿ: ಆಳಂದದ ಪ್ರಕರಣವನ್ನು ಓದಿದವರಿಗೆ ಇದು ಅಪರಿಚಿತವೆನಿಸದು.

ಲಾಗಿನ ವಿಷಯದಲ್ಲಿ ಇನ್ನೆರಡು ಮಾತು. ಯಂತ್ರದೊಳಗೆ ನುಗ್ಗಿದವನು ಮೊದಲು ಮಾಡುವ ಕೆಲಸ ತನ್ನ ಹೆಜ್ಜೆಗುರುತನ್ನು ಅಳಿಸುವುದು. ಆದ್ದರಿಂದ ಲಾಗಿನ ಒಂದು ಪ್ರತಿ ಬರೆದ ಕೂಡಲೇ ಬೇರೊಂದು ಯಂತ್ರಕ್ಕೆ ಹೋಗುವಂತಿರಬೇಕು. ಅಲ್ಲಿಗೆ ಸೇರಿಸಲು ಬರಬೇಕು, ತಿದ್ದಲು ಬರಬಾರದು. ಇನ್ನೊಂದು ಮಾತು ಇದಕ್ಕೆ ವಿರುದ್ಧ ದಿಕ್ಕಿನದು. ಲಾಗ್ ಎಂದರೆ ಬಂದು ಹೋದವರ ಪಟ್ಟಿ. ಒಂದು ಯೋಜನೆಯನ್ನು ವಿರೋಧಿಸಿ ಸಹಿ ಮಾಡಿದ ಹಳ್ಳಿಗರ ಪಟ್ಟಿ ಗುತ್ತಿಗೆದಾರನ ಕೈಸೇರಿದರೆ ಏನಾಗಬಹುದೆಂಬುದನ್ನು ಘಟ್ಟದ ಜನರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದ ಎಷ್ಟು ಬೇಕೋ ಅಷ್ಟನ್ನೇ ಬರೆಯಬೇಕು, ಅವಧಿ ಮುಗಿದೊಡನೆ ಅಳಿಸಬೇಕು, ಯಾರು ಓದಬಹುದೆಂಬುದನ್ನು ಸಭೆಯಲ್ಲಿ ನಿರ್ಣಯಿಸಬೇಕು. ಹದಿನಾಲ್ಕು ದಿನ ಅತಿ ಕಡಿಮೆ, ಹತ್ತು ವರ್ಷ ಅತಿ ಹೆಚ್ಚು. ಕಾನೂನು ಬೇರೆ ಹೇಳದಿದ್ದಲ್ಲಿ 180 ದಿನವೆಂಬುದು ಸಂಘಗಳಿಗೂ ಒಪ್ಪುವ ಅಳತೆ.

ಪ್ರತಿ ತೆಗೆದಿಡುವ ಕುರಿತು ಎಲ್ಲರೂ ಹೇಳುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂಬ ಸೂತ್ರ ಪ್ರಸಿದ್ಧವಾದದ್ದು. ಸಿಡಿಲು ಬಡಿಯುವ ಊರುಗಳಲ್ಲಿ ಮೂರನೆಯ ಮಾತನ್ನು ಮರೆಯಲಾಗದು. ಆದರೆ ತೆಗೆದಿಟ್ಟ ಪ್ರತಿಯಿಂದ ಮರಳಿ ಕಟ್ಟಿ ನೋಡುವವರು ವಿರಳ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ದಣಿದ ನಿರ್ವಾಹಕರೊಬ್ಬರು ತಪ್ಪು ಯಂತ್ರದಲ್ಲಿ ಕಡತಕೋಶವನ್ನು ಅಳಿಸಿದರು. ಪ್ರತಿ ತೆಗೆಯಲು ಇದ್ದ ಐದು ಏರ್ಪಾಡುಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿಲ್ಲವೆಂಬುದು ಆ ರಾತ್ರಿ ತಿಳಿಯಿತು. ಆಕಸ್ಮಿಕವಾಗಿ ಉಳಿದಿದ್ದ, ಆರು ಗಂಟೆ ಹಳೆಯದಾದ ಒಂದು ಪ್ರತಿ ಅವರನ್ನು ಕಾಪಾಡಿತು. ಆ ಸಂಸ್ಥೆ ತನ್ನ ತಪ್ಪನ್ನು ಮುಚ್ಚಿಡದೆ ವಿವರವಾಗಿ ಪ್ರಕಟಿಸಿದ್ದರಿಂದಲೇ ಇಂದು ಅದನ್ನು ಇಲ್ಲಿ ಹೇಳಲು ಸಾಧ್ಯವಾಗಿದೆ.

ಆಳಂದದ ವಿಷಯಕ್ಕೆ ಮರಳಿದರೆ, ಅಲ್ಲಿ 5,994 ಹೆಸರುಗಳನ್ನು ಉಳಿಸಿದ ಕೊನೆಯ ಬೀಗ ಯಂತ್ರದಲ್ಲಿರಲಿಲ್ಲ. ಹೆಸರು ತೆಗೆಯುವ ಮುನ್ನ ಸಂಬಂಧಪಟ್ಟವರ ಮಾತು ಕೇಳಬೇಕೆಂಬ ನಿಯಮವಿತ್ತು. ಅದರಂತೆ ಸಿಬ್ಬಂದಿ ಮನೆಯ ಕದ ತಟ್ಟಿದರು. ಅರ್ಜಿ, ಒಪ್ಪಿಗೆ, ತೆಗೆಯುವಿಕೆ ಮೂರೂ ಯಂತ್ರದೊಳಗೇ ನಡೆಯುವಂತಿದ್ದರೆ ಬಂಧುವಿನ ಹೆಸರನ್ನು ಯಾರೂ ಓದುತ್ತಿರಲಿಲ್ಲ. ಆದ್ದರಿಂದ ಊರಿನ ಸರ್ವರನ್ನು ಕಟ್ಟುವವರು, ಒಬ್ಬರ ಹಕ್ಕನ್ನು ಕಿತ್ತುಕೊಳ್ಳಬಲ್ಲ ಯಾವುದೇ ಬದಲಾವಣೆಯ ಮುನ್ನ ಒಬ್ಬ ಮನುಷ್ಯ ಅದನ್ನು ಓದಿ ಸಹಿ ಹಾಕುವಂತೆ ಇಡಬೇಕು. ಅದು ನಿಧಾನವಾಗುತ್ತದೆ, ನಿಧಾನವಾಗಲಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಸೂಚಿಸಬಹುದು. ಶಾಲೆಯಲ್ಲಿಯೋ ಸಹಕಾರ ಸಂಘದಲ್ಲಿಯೋ ಸರ್ವರ್ ಇದ್ದರೆ ಅದರ ಪಕ್ಕದಲ್ಲಿ ಇನ್ನೂರು ಪುಟದ ಒಂದು ನೋಟುಬುಕ್ಕು ಇಡಬೇಕು. ಮೊದಲ ಪುಟದಲ್ಲಿ ಕೀಲಿಯುಳ್ಳ ಇಬ್ಬರ ಹೆಸರು. ಒಬ್ಬರಿದ್ದರೆ ಸಾಲದು, ಜ್ವರ ಎಲ್ಲರಿಗೂ ಬರುತ್ತದೆ. ಎರಡನೆಯ ಪುಟದಲ್ಲಿ ತೆರೆದಿರುವ ತೂಬುಗಳ ಸಂಖ್ಯೆ, ಪ್ರತಿಯೊಂದರ ಮುಂದೆ ಅದು ಏಕೆ ತೆರೆದಿದೆ ಎಂಬ ಕಾರಣ. ಕಾರಣ ಹೊಳೆಯದ ತೂಬನ್ನು ಅಂದೇ ಮುಚ್ಚಬಹುದು. ಮೂರನೆಯ ಪುಟದಿಂದ ದಿನಾಂಕ ಹಾಕಿ, ಮಾಡಿದ ಬದಲಾವಣೆಗಳನ್ನು ಶಾಯಿಯಲ್ಲಿ ಬರೆಯುತ್ತ ಹೋಗಬೇಕು. ವರ್ಷಕ್ಕೊಮ್ಮೆ, ಆಷಾಢದಲ್ಲಿ ವಿದ್ಯುತ್ತು ಹೇಗೂ ಕೈಕೊಡುವ ಯಾವುದಾದರೊಂದು ವಾರದಲ್ಲಿ, ತೆಗೆದಿಟ್ಟ ಪ್ರತಿಯಿಂದ ಇಡೀ ಸರ್ವರನ್ನು ಹಳೆಯ ಯಂತ್ರವೊಂದರ ಮೇಲೆ ಮರಳಿ ಕಟ್ಟಿ, ಎಷ್ಟು ಗಂಟೆ ಹಿಡಿಯಿತೆಂದು ಅದೇ ಪುಸ್ತಕದಲ್ಲಿ ನಮೂದಿಸಬೇಕು. ಮೊದಲ ವರ್ಷ ಎರಡು ದಿನ ಹಿಡಿದೀತು. ಕೆಲವು ಕಡತಗಳು ಸಿಗಲಾರವು. ಯಾವುವು ಸಿಗಲಿಲ್ಲವೆಂಬುದನ್ನೂ ಅಲ್ಲಿಯೇ ಬರೆಯಬೇಕು.